ರಕ್ತ ಪರೀಕ್ಷೆಯ ರಿಪೋರ್ಟ್ ಎಲ್ಲಿ ತಪ್ಪುತ್ತದೆ? ಸ್ಯಾಂಪಲ್ ಕೊಡುವ ಮುನ್ನ, ಕೊಡುವಾಗ, ಕೊಟ್ಟ ಮೇಲೆ ತಿಳಿದಿರಬೇಕಾದ ಸಂಗತಿಗಳು

ಚೆನ್ನೈ: ತ್ರಿಪ್ಲಿಕೇನ್‌ಗೂ ರಕ್ತ ಪರೀಕ್ಷೆಗೂ ಹಳೆಯ ನಂಟು. ಊರಿನವರು ಇಂದಿಗೂ 'ಗೋಷಾ ಆಸ್ಪತ್ರೆ' ಎಂದೇ ಕರೆಯುವ ಕಸ್ತೂರ್ಬಾ ಗಾಂಧಿ ಸರ್ಕಾರಿ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆ ಇರುವುದು ಇಲ್ಲೇ. ಪರ್ದಾ ಪದ್ಧತಿಯಿಂದಾಗಿ ಪುರುಷ ವೈದ್ಯರ ಬಳಿ ಹೋಗಲಾಗದ ಹೆಣ್ಣುಮಕ್ಕಳಿಗಾಗಿ 1885ರಲ್ಲಿ ಡಾ. ಮೇರಿ ಷಾರ್ಲಿಬ್ ಅವರ ಪ್ರಯತ್ನದಿಂದ ಶುರುವಾದ ಆಸ್ಪತ್ರೆ ಇದು. ಸ್ವಲ್ಪ ದೂರದ ಓಮಂದೂರಾರ್ ಎಸ್ಟೇಟ್‌ನಲ್ಲಿ ಸರ್ಕಾರಿ ಮಲ್ಟಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇದೆ. ನಡುವಿನ ಬೀದಿಗಳಲ್ಲಿ ಖಾಸಗಿ ಲ್ಯಾಬ್‌ಗಳಿವೆ.

ಇಲ್ಲಿ ಕೈ ಚಾಚಿ ಕುಳಿತುಕೊಳ್ಳುವವರಲ್ಲಿ ಕನ್ನಡಿಗರೂ ಇದ್ದಾರೆ. ರಾಘವೇಂದ್ರ ಸ್ವಾಮಿ ಮಠದ ಆಸುಪಾಸಿನಲ್ಲಿ ತಲೆಮಾರುಗಳಿಂದ ನೆಲೆಸಿರುವ ಮಾಧ್ವ ಕುಟುಂಬಗಳು, ಮ್ಯಾನ್ಷನ್‌ಗಳಲ್ಲಿ ರೂಮ್ ಮಾಡಿಕೊಂಡಿರುವ ಯುವಕರು, ಊರಿನಿಂದ ಚಿಕಿತ್ಸೆಗೆಂದು ಬಂದವರು. ಎಲ್ಲರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: 'ರಿಪೋರ್ಟ್ ಎಷ್ಟು ಹೊತ್ತಿಗೆ ಸಿಗುತ್ತೆ?'

ಆದರೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಆ ರಿಪೋರ್ಟ್ ಸರಿಯಾಗಿರುತ್ತದೆಯೇ? ಲ್ಯಾಬ್ ಪರೀಕ್ಷೆಗಳಲ್ಲಿ ಆಗುವ ತಪ್ಪುಗಳಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಮಷಿನ್‌ನಲ್ಲಿ ಆಗುವುದಿಲ್ಲ. ರಕ್ತ ಮಷಿನ್ ತಲುಪುವ ಮೊದಲೇ ಆಗಿರುತ್ತವೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ರೋಗಿ ಏನು ತಿಂದಿದ್ದರು, ಕೈಗೆ ಪಟ್ಟಿಯನ್ನು ಎಷ್ಟು ಹೊತ್ತು ಕಟ್ಟಿದ್ದರು, ಯಾವ ಟ್ಯೂಬ್‌ಗೆ ಮೊದಲು ರಕ್ತ ಹಾಕಿದರು, ಟ್ಯೂಬ್ ಮೇಲೆ ಯಾರ ಹೆಸರು ಬರೆದರು ಎಂಬುದೇ ಅನೇಕ ಬಾರಿ ಫಲಿತಾಂಶವನ್ನು ನಿರ್ಧರಿಸುತ್ತದೆ. ಇದರಲ್ಲಿ ದೊಡ್ಡ ಭಾಗ ರೋಗಿಯ ಮತ್ತು ಮನೆಯವರ ಕೈಯಲ್ಲೇ ಇದೆ. ಆ ಬಗ್ಗೆ ಪೂರ್ಣ ಮಾಹಿತಿ ಇಲ್ಲಿದೆ.

ತಪ್ಪಾದರೆ ಏನಾಗುತ್ತದೆ?

ಎರಡು ಉದಾಹರಣೆ ಸಾಕು. ರಕ್ತ ತೆಗೆಯುವಾಗ ಕೆಂಪು ರಕ್ತಕಣಗಳು ಒಡೆದರೆ ಅವುಗಳೊಳಗಿನ ಪೊಟ್ಯಾಸಿಯಂ ಹೊರಬಂದು ರಿಪೋರ್ಟ್‌ನಲ್ಲಿ ಅದರ ಪ್ರಮಾಣ ವಿಪರೀತ ಹೆಚ್ಚಿದಂತೆ ಕಾಣುತ್ತದೆ. ನಿಜವಾಗಿಯೂ ಪೊಟ್ಯಾಸಿಯಂ ಅಷ್ಟು ಏರಿದ್ದರೆ ಅದು ಹೃದಯಕ್ಕೆ ಅಪಾಯ, ತುರ್ತು ಚಿಕಿತ್ಸೆ ಬೇಕು. ಏರಿಲ್ಲದವರಿಗೆ ಅದೇ ಚಿಕಿತ್ಸೆ ಕೊಟ್ಟರೂ ಅಪಾಯವೇ.

ಇನ್ನೊಂದು ಸಕ್ಕರೆಯದು. ತೆಗೆದಿಟ್ಟ ರಕ್ತದಲ್ಲೂ ಕಣಗಳು ಜೀವಂತವಾಗಿರುತ್ತವೆ, ಸಕ್ಕರೆ ಬಳಸುತ್ತಲೇ ಇರುತ್ತವೆ. ಸಾಮಾನ್ಯ ಕೋಣೆಯ ತಾಪಮಾನದಲ್ಲಿ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಸಕ್ಕರೆ ಕಡಿಮೆಯಾಗುತ್ತದೆ. ಸೆಕೆ ಹೆಚ್ಚಿದ್ದರೆ ಇಳಿಕೆ ಇನ್ನೂ ವೇಗ. ತಪ್ಪು ಟ್ಯೂಬ್‌ನಲ್ಲಿ ತುಂಬಿ, ಮಧ್ಯಾಹ್ನದವರೆಗೆ ಇಟ್ಟುಕೊಂಡು ಪರೀಕ್ಷಿಸಿದರೆ ಮಧುಮೇಹ ಇರುವವರಿಗೂ 'ನಾರ್ಮಲ್' ಎಂಬ ರಿಪೋರ್ಟ್ ಬರಬಹುದು. ಅಂಥವರು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ, ಕಾಯಿಲೆ ಒಳಗೊಳಗೇ ಬೆಳೆಯುತ್ತದೆ.

ಖಾಲಿ ಹೊಟ್ಟೆ ಎಂದರೆ ಎಷ್ಟು ಹೊತ್ತು?

ಫಾಸ್ಟಿಂಗ್ ಶುಗರ್‌ಗೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು. ಟ್ರೈಗ್ಲಿಸರೈಡ್ ನೋಡಬೇಕಿದ್ದರೆ ಸಾಮಾನ್ಯವಾಗಿ 10ರಿಂದ 12 ಗಂಟೆ. ಈ ಅವಧಿಯಲ್ಲಿ ನೀರು ಕುಡಿಯಬಹುದು, ಕುಡಿಯಲೇಬೇಕು. ಫಿಲ್ಟರ್ ಕಾಫಿ ಬೇಡ. ಹಾಲು, ಸಕ್ಕರೆ ಇಲ್ಲದ ಡಿಕಾಕ್ಷನ್ ಕೂಡ ಬೇಡ. ಬೀಡಿ, ಸಿಗರೇಟ್, ಗುಟ್ಕಾ ಬೇಡ. ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಮತ್ತು ಹಿಮೋಗ್ಲೋಬಿನ್‌ಗೆ ಉಪವಾಸ ಬೇಕಿಲ್ಲ. ಆದರೆ ಕಬ್ಬಿಣದ ಕೊರತೆಯ ರಕ್ತಹೀನತೆ ಇರುವವರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆ ಇದೆ ಎಂಬುದು ನೆನಪಿರಲಿ.

ಕಡಿಮೆ ಉಪವಾಸ ಮಾಡಿದರೆ ತಪ್ಪು ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚು ಉಪವಾಸ ಮಾಡಿದರೂ ತಪ್ಪು ಎಂಬುದು ಅನೇಕರಿಗೆ ಗೊತ್ತಿಲ್ಲ.

* ಏಕಾದಶಿ: ಮಾಧ್ವ ಮನೆಗಳಲ್ಲಿ ಹಿರಿಯರು ಏಕಾದಶಿಯಂದು ನೀರನ್ನೂ ಮುಟ್ಟದೆ ನಿರ್ಜಲ ಉಪವಾಸ ಮಾಡುವುದುಂಟು. 'ಹೇಗೂ ಹೊಟ್ಟೆ ಖಾಲಿ ಇದೆ' ಎಂದು ದ್ವಾದಶಿ ಬೆಳಿಗ್ಗೆ ಪಾರಣೆಗೆ ಮೊದಲೇ ರಕ್ತ ಕೊಟ್ಟರೆ ಅದು 8 ಗಂಟೆಯ ಉಪವಾಸದ ರಕ್ತವಲ್ಲ. ಇಷ್ಟು ದೀರ್ಘ ಉಪವಾಸದಲ್ಲಿ ಬಿಲಿರುಬಿನ್ ಮತ್ತು ಯೂರಿಕ್ ಆಮ್ಲ ಏರಬಹುದು, ಸಕ್ಕರೆ ಎಂದಿಗಿಂತ ಕಡಿಮೆ ಇರಬಹುದು. ನೀರಿಲ್ಲದೆ ರಕ್ತನಾಳಗಳೂ ಸಣ್ಣದಾಗಿರುತ್ತವೆ. ಒಂದೆರಡು ದಿನ ಬಿಟ್ಟು ಪರೀಕ್ಷೆ ಮಾಡಿಸುವುದು ಸರಿ.
* ರಂಜಾನ್: 1795ರ ವಾಲಾಜಾ ಮಸೀದಿ ಇರುವ ತ್ರಿಪ್ಲಿಕೇನ್‌ನಲ್ಲಿ ಮುಸ್ಲಿಂ ಕುಟುಂಬಗಳೂ ಹೆಚ್ಚು. ರೋಜಾ ಇರುವವರು ಸಂಜೆ ಹೊತ್ತಿಗೆ ಹತ್ತು ಹನ್ನೆರಡು ಗಂಟೆ ನೀರಿಲ್ಲದೆ ಇರುತ್ತಾರೆ. ಯಾವ ಹೊತ್ತಿಗೆ ರಕ್ತ ಕೊಡಬೇಕು ಎಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ರೋಜಾ ಇದೆ ಎಂದು ಲ್ಯಾಬ್‌ನವರಿಗೂ ತಿಳಿಸಿ.
* ಮಧುಮೇಹಿಗಳು: ಖಾಲಿ ಹೊಟ್ಟೆಯಲ್ಲಿ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಕ್ಯೂನಲ್ಲಿ ನಿಲ್ಲಬೇಡಿ. ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಮಾತ್ರೆ ಯಾವಾಗ ಎಂದು ವೈದ್ಯರಿಂದ ಸ್ಪಷ್ಟವಾಗಿ ಬರೆಸಿಕೊಳ್ಳಿ.

ಹೊಟ್ಟೆಯಷ್ಟೇ ಅಲ್ಲ, ಇವೂ ಲೆಕ್ಕಕ್ಕೆ

* ಸಮಯ: ಕಾರ್ಟಿಸಾಲ್ ಬೆಳಿಗ್ಗೆ ಹೆಚ್ಚು, ಸಂಜೆ ಕಡಿಮೆ. ಟಿಎಸ್‌ಎಚ್ ಮತ್ತು ಕಬ್ಬಿಣದ ಅಂಶವೂ ದಿನದಲ್ಲಿ ಏರಿಳಿಯುತ್ತವೆ. ಹಳೆಯ ರಿಪೋರ್ಟ್ ಜೊತೆ ಹೋಲಿಸಬೇಕಿದ್ದರೆ ಪ್ರತಿಸಲವೂ ಒಂದೇ ಹೊತ್ತಿಗೆ ಕೊಡಿ.
* ವ್ಯಾಯಾಮ: ಹಿಂದಿನ ದಿನ ಜಿಮ್‌ನಲ್ಲಿ ಭಾರ ಎತ್ತಿದ್ದರೆ ಸ್ನಾಯುಗಳಿಂದ ಬರುವ ಕಿಣ್ವಗಳು ಏರಿರುತ್ತವೆ. ಲಿವರ್ ಪರೀಕ್ಷೆಯ ಎಎಸ್‌ಟಿ ಕೂಡ ಹೆಚ್ಚು ಕಾಣಬಹುದು. ಮೆರೀನಾ ಬೀಚ್‌ನಲ್ಲಿ ಓಡಿ ನೇರವಾಗಿ ಲ್ಯಾಬ್‌ಗೆ ಬರುವುದೂ ಸರಿಯಲ್ಲ.
* ಭಂಗಿ: ಮಲಗಿದ್ದವರು ಎದ್ದು ನಿಂತರೆ ರಕ್ತದಲ್ಲಿನ ನೀರಿನಂಶ ಅಂಗಾಂಶಗಳಿಗೆ ಇಳಿಯುತ್ತದೆ. ಪ್ರೋಟೀನ್, ಹಿಮೋಗ್ಲೋಬಿನ್, ಕೊಲೆಸ್ಟ್ರಾಲ್ ಸ್ವಲ್ಪ ಹೆಚ್ಚು ತೋರುತ್ತವೆ. ಬಂದ ಕೂಡಲೇ ಕೈ ಚಾಚಬೇಡಿ, 15 ನಿಮಿಷ ಕುಳಿತುಕೊಳ್ಳಿ.
* ಬಯೋಟಿನ್: ಕೂದಲು, ಉಗುರು ಚೆನ್ನಾಗಿರಲೆಂದು ನುಂಗುವ ಬಯೋಟಿನ್ ಮಾತ್ರೆಗಳು ಥೈರಾಯ್ಡ್ ಮತ್ತು ಹೃದಯಾಘಾತ ಪತ್ತೆಯ ಟ್ರೋಪೋನಿನ್ ಪರೀಕ್ಷೆಯನ್ನು ದಾರಿ ತಪ್ಪಿಸಬಹುದು. ಈ ಬಗ್ಗೆ ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಕೆ ನೀಡಿದೆ. ಮಾತ್ರೆ ನುಂಗುತ್ತಿದ್ದರೆ ಹೇಳಿ.

ಗರ್ಭಿಣಿಯರಿಗೆ ಲೆಕ್ಕ ಬೇರೆ

ಗರ್ಭಿಣಿಯರನ್ನು ಬೆಳಿಗ್ಗೆಯಿಂದ ಉಪವಾಸ ಕೂರಿಸುವುದು ಕಷ್ಟ. ವಾಂತಿ, ಸುಸ್ತು ಇರುತ್ತದೆ. ದೂರದಿಂದ ಬಂದವರನ್ನು 'ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ' ಎಂದು ಕಳಿಸಿದರೆ ಎಷ್ಟೋ ಜನ ಮತ್ತೆ ಬರುವುದೇ ಇಲ್ಲ. ಈ ಸಮಸ್ಯೆಗೆ ಉತ್ತರ ಸಿಕ್ಕಿದ್ದೂ ಚೆನ್ನೈನಲ್ಲೇ. ಗರ್ಭಾವಸ್ಥೆಯ ಮಧುಮೇಹದ ಕ್ಷೇತ್ರದಲ್ಲಿ ದೊಡ್ಡ ಹೆಸರಾದ ಚೆನ್ನೈನ ಡಾ. ವಿ. ಶೇಷಯ್ಯ ಮತ್ತು ಅವರ ಬಳಗ ಒಂದೇ ಸ್ಯಾಂಪಲ್‌ನ ಪರೀಕ್ಷೆಯನ್ನು ರೂಪಿಸಿತು. ಅವರ ಹುಟ್ಟುಹಬ್ಬವಾದ ಮಾರ್ಚ್ 10 ಅನ್ನು ದೇಶದಲ್ಲಿ ಗರ್ಭಾವಸ್ಥೆಯ ಮಧುಮೇಹ ಜಾಗೃತಿ ದಿನವಾಗಿ ಆಚರಿಸಲಾಗುತ್ತದೆ.

ವಿಧಾನ ಸರಳ. ಊಟ ಮಾಡಿರಲಿ, ಬಿಟ್ಟಿರಲಿ, 75 ಗ್ರಾಂ ಗ್ಲೂಕೋಸ್ ಅನ್ನು ನೀರಿನಲ್ಲಿ ಕರಗಿಸಿ ಕುಡಿಸುತ್ತಾರೆ. ಎರಡು ಗಂಟೆಯ ನಂತರ ಒಮ್ಮೆ ಮಾತ್ರ ರಕ್ತ ತೆಗೆಯುತ್ತಾರೆ. ಸಕ್ಕರೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ ಎಂದು ಪರಿಗಣಿಸುತ್ತಾರೆ. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯೂ ಇದನ್ನೇ ಒಪ್ಪಿದೆ. ಮೊದಲ ತಪಾಸಣೆಯಲ್ಲಿ ಒಮ್ಮೆ, ಆಗ ನಾರ್ಮಲ್ ಬಂದರೆ 24ರಿಂದ 28 ವಾರಗಳ ನಡುವೆ ಇನ್ನೊಮ್ಮೆ.

ಇಲ್ಲಿ ಎರಡು ಎಚ್ಚರಿಕೆ. ಗ್ಲೂಕೋಸ್ ಕುಡಿದ 30 ನಿಮಿಷದೊಳಗೆ ವಾಂತಿಯಾದರೆ ಮರುದಿನ ಮತ್ತೆ ಪರೀಕ್ಷೆ ಮಾಡಬೇಕು. 30 ನಿಮಿಷದ ನಂತರವಾದರೆ ಮುಂದುವರಿಸಬಹುದು. ಇನ್ನೊಂದು, ಎರಡು ಗಂಟೆ ಎಂದರೆ ಎರಡೇ ಗಂಟೆ. ಕ್ಯೂ ಇದೆ ಎಂದು ಮೂರು ಗಂಟೆಗೆ ರಕ್ತ ಕೊಟ್ಟರೆ ಸಕ್ಕರೆ ಇಳಿದಿರುತ್ತದೆ. ಗ್ಲೂಕೋಸ್ ಕುಡಿದ ಹೊತ್ತನ್ನು ಮೊಬೈಲ್‌ನಲ್ಲಿ ಬರೆದಿಟ್ಟುಕೊಂಡು, ಸಮಯವಾದಾಗ ಸಿಬ್ಬಂದಿಗೆ ನೆನಪಿಸಿ.

'ನರ ಸಿಗುತ್ತಿಲ್ಲ' ಎನ್ನುವುದೇಕೆ?

ಕನ್ನಡದಲ್ಲಿ 'ನರ', ತಮಿಳಿನಲ್ಲಿ 'ನರಂಬು' ಎಂದು ಆಡುಮಾತಿನಲ್ಲಿ ಹೇಳುವುದು ರಕ್ತನಾಳವನ್ನು. ವೈದ್ಯಕೀಯವಾಗಿ ನರ ಬೇರೆ, ರಕ್ತನಾಳ ಬೇರೆ. ಸೂಜಿ ರಕ್ತನಾಳಕ್ಕೆ ಹೋಗಬೇಕು, ನರಕ್ಕೆ ತಗಲಬಾರದು.

ಮೊಣಕೈ ಮಡಿಕೆಯಲ್ಲಿ ಮೂರು ಮುಖ್ಯ ರಕ್ತನಾಳಗಳಿವೆ. ನಡುವಿನದು ದಪ್ಪ, ಅಲುಗಾಡುವುದು ಕಡಿಮೆ. ಹಾಗಾಗಿ ಮೊದಲ ಆಯ್ಕೆ ಅದೇ. ಹೆಬ್ಬೆರಳಿನ ಕಡೆಯದು ಎರಡನೆಯದು. ಕಿರುಬೆರಳಿನ ಕಡೆಯದು ಕೊನೆಯ ಆಯ್ಕೆ, ಏಕೆಂದರೆ ಅದರ ಪಕ್ಕದಲ್ಲೇ ಅಪಧಮನಿ ಮತ್ತು ನರಗಳು ಹಾದುಹೋಗುತ್ತವೆ.

ರಕ್ತನಾಳ ಸುಲಭಕ್ಕೆ ಸಿಗದಿರಲು ಕಾರಣಗಳು ಹಲವು:

* ನೀರು ಕಡಿಮೆ ಕುಡಿದಿರುವುದು. ಮೇ ತಿಂಗಳ ಚೆನ್ನೈ ಸೆಕೆಯಲ್ಲಿ ಇದು ದೊಡ್ಡ ಕಾರಣ
* ಎಸಿ ಕೋಣೆಯ ಚಳಿ ಅಥವಾ ಭಯದಿಂದ ರಕ್ತನಾಳ ಸಂಕುಚಿತವಾಗುವುದು
* ಬೊಜ್ಜು ಅಥವಾ ಕೈ ಊದಿಕೊಂಡಿರುವುದು
* ವಯಸ್ಸಾದವರಲ್ಲಿ ಚರ್ಮ ಸಡಿಲವಾಗಿ, ಸೂಜಿ ತಾಗಿದಾಗ ರಕ್ತನಾಳ ಜಾರುವುದು
* ಕೀಮೋಥೆರಪಿ, ಡಯಾಲಿಸಿಸ್ ಅಥವಾ ಪದೇ ಪದೇ ಡ್ರಿಪ್ ಹಾಕಿಸಿಕೊಂಡವರಲ್ಲಿ ರಕ್ತನಾಳ ಗಟ್ಟಿಯಾಗಿರುವುದು
* ರಕ್ತದೊತ್ತಡ ತುಂಬಾ ಕಡಿಮೆ ಇರುವುದು

ಪರಿಹಾರ ಮನೆಯಿಂದಲೇ ಶುರುವಾಗಬೇಕು. ವೈದ್ಯರು ನೀರು ಮಿತಿಗೊಳಿಸದಿದ್ದರೆ ಬೆಳಿಗ್ಗೆ ಎರಡು ಲೋಟ ನೀರು ಕುಡಿಯಿರಿ. ಕೈ ತಣ್ಣಗಿದ್ದರೆ ಬೆಚ್ಚಗಿನ ಬಟ್ಟೆ ಇಟ್ಟುಕೊಳ್ಳಿ, ಕೆಲ ನಿಮಿಷ ಕೈಯನ್ನು ಕೆಳಗೆ ಇಳಿಬಿಡಿ. ಹಿಂದೆ ಯಾವ ಕೈಯಲ್ಲಿ ಸುಲಭವಾಗಿ ಸಿಕ್ಕಿತ್ತು ಎಂದು ಹೇಳಿ. ಒಬ್ಬರೇ ಎರಡು ಸಲ ಚುಚ್ಚಿಯೂ ರಕ್ತ ಬರದಿದ್ದರೆ ಮೂರನೆಯ ಸಲ ಇನ್ನೊಬ್ಬ ಅನುಭವಿ ಸಿಬ್ಬಂದಿ ಪ್ರಯತ್ನಿಸುವುದು ಒಳ್ಳೆಯ ಪದ್ಧತಿ. 'ಬೇರೆಯವರನ್ನು ಕರೆಯುತ್ತೀರಾ?' ಎಂದು ಮರ್ಯಾದೆಯಿಂದ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಪಟ್ಟಿ ಕಟ್ಟಿದ ಆ ಒಂದು ನಿಮಿಷ

ರಕ್ತನಾಳ ಉಬ್ಬಲೆಂದು ತೋಳಿಗೆ ರಬ್ಬರ್ ಪಟ್ಟಿ ಕಟ್ಟುತ್ತಾರೆ. ಚುಚ್ಚುವ ಜಾಗಕ್ಕಿಂತ ಮೂರು ನಾಲ್ಕು ಇಂಚು ಮೇಲೆ ಇರಬೇಕು. ಒಂದು ನಿಮಿಷಕ್ಕಿಂತ ಹೆಚ್ಚು ಇರಬಾರದು. ಹೆಚ್ಚು ಹೊತ್ತು ಬಿಟ್ಟರೆ ನೀರಿನಂಶ ರಕ್ತನಾಳದಿಂದ ಹೊರಗೆ ಹೋಗಿ ರಕ್ತ ಗಟ್ಟಿಯಾಗುತ್ತದೆ. ಪ್ರೋಟೀನ್, ಕ್ಯಾಲ್ಸಿಯಂ, ಕೊಲೆಸ್ಟ್ರಾಲ್ ಎಲ್ಲವೂ ಹೆಚ್ಚು ತೋರುತ್ತವೆ. ಪಟ್ಟಿ ಕಟ್ಟಿ ಫೋನ್ ತೆಗೆದುಕೊಳ್ಳಲು ಹೋದರೆ ಬಿಚ್ಚಲು ಹೇಳಿ.

ಅನೇಕರು ಮುಷ್ಟಿಯನ್ನು ಬಿಗಿದು ಬಿಡಿಸಿ, ಬಿಗಿದು ಬಿಡಿಸಿ ಮಾಡುತ್ತಾರೆ. ಇದು ಬೇಡ. ಸ್ನಾಯುಗಳಿಂದ ಪೊಟ್ಯಾಸಿಯಂ ಹೊರಬಂದು ರಿಪೋರ್ಟ್ ಏರುಪೇರಾಗುತ್ತದೆ. ಮುಷ್ಟಿಯನ್ನು ಮೆಲ್ಲಗೆ ಹಿಡಿದು ಸುಮ್ಮನಿದ್ದರೆ ಸಾಕು.

ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ಪೂರ್ತಿ ಒಣಗಲು ಸುಮಾರು ಅರ್ಧ ನಿಮಿಷ ಬೇಕು. ಒಣಗುವ ಮುನ್ನ ಚುಚ್ಚಿದರೆ ಉರಿಯುತ್ತದೆ, ರಕ್ತಕಣಗಳೂ ಒಡೆಯಬಹುದು. ಒರೆಸಿದ ಮೇಲೆ ಆ ಜಾಗವನ್ನು ಬೆರಳಿನಿಂದ ಮತ್ತೆ ಮುಟ್ಟಬಾರದು. ತೀರಾ ಸಣ್ಣ ಸೂಜಿ, ಸಿರಿಂಜ್ ಅನ್ನು ಜೋರಾಗಿ ಎಳೆಯುವುದು, ಟ್ಯೂಬ್ ಅನ್ನು ಕುಲುಕುವುದು ಇವೆಲ್ಲವೂ ರಕ್ತಕಣ ಒಡೆಯಲು ಕಾರಣ. ದೊಡ್ಡವರಿಗೆ ಸಾಮಾನ್ಯವಾಗಿ 21 ಅಥವಾ 22 ಗೇಜ್, ಸಣ್ಣ ರಕ್ತನಾಳ ಇರುವವರಿಗೆ ಮತ್ತು ಮಕ್ಕಳಿಗೆ 23 ಗೇಜ್ ಸೂಜಿ ಬಳಸುತ್ತಾರೆ. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣ.

ಬಣ್ಣದ ಮುಚ್ಚಳಗಳ ಗುಟ್ಟು

'ಇಷ್ಟೊಂದು ಟ್ಯೂಬ್ ಏಕೆ?' ಎಂಬುದು ಸಾಮಾನ್ಯ ಪ್ರಶ್ನೆ. ಒಂದೊಂದು ಟ್ಯೂಬ್‌ನಲ್ಲಿ ಒಂದೊಂದು ರಾಸಾಯನಿಕ ಇರುತ್ತದೆ. ರಕ್ತ ತುಂಬುವ ಕ್ರಮವೂ ನಿಗದಿಯಾಗಿದೆ:

1. ಬ್ಲಡ್ ಕಲ್ಚರ್ ಬಾಟಲಿ: ಸೋಂಕು ಪತ್ತೆಗೆ. ಹೊರಗಿನ ರೋಗಾಣು ಸೇರಬಾರದೆಂದು ಮೊದಲು ಇದೇ.
2. ತಿಳಿ ನೀಲಿ: ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ. ಒಳಗೆ ಸೋಡಿಯಂ ಸಿಟ್ರೇಟ್. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಇರಬೇಕು. ಗೆರೆವರೆಗೆ ತುಂಬದಿದ್ದರೆ ರಿಪೋರ್ಟ್ ತಪ್ಪುತ್ತದೆ.
3. ಕೆಂಪು ಅಥವಾ ಹಳದಿ: ಲಿವರ್, ಕಿಡ್ನಿ, ಕೊಲೆಸ್ಟ್ರಾಲ್, ಥೈರಾಯ್ಡ್‌ಗೆ.
4. ಹಸಿರು: ಹೆಪಾರಿನ್ ಇರುವ ಟ್ಯೂಬ್. ಕೆಲವು ತುರ್ತು ಪರೀಕ್ಷೆಗಳಿಗೆ.
5. ನೇರಳೆ: ಇಡಿಟಿಎ ಇರುವ ಟ್ಯೂಬ್. ಹಿಮೋಗ್ಲೋಬಿನ್, ರಕ್ತಕಣಗಳ ಎಣಿಕೆ, ಎಚ್‌ಬಿಎ1ಸಿಗೆ.
6. ಬೂದು: ಸಕ್ಕರೆಗೆ. ಒಳಗಿನ ಫ್ಲೋರೈಡ್, ಕಣಗಳು ಸಕ್ಕರೆ ಬಳಸುವುದನ್ನು ತಡೆಯುತ್ತದೆ.

ಕ್ರಮ ತಪ್ಪಿದರೆ ಏನು? ನೇರಳೆ ಟ್ಯೂಬ್‌ನ ಇಡಿಟಿಎಯಲ್ಲಿ ಪೊಟ್ಯಾಸಿಯಂ ಇರುತ್ತದೆ, ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಒಂದು ಹನಿ ಕೆಂಪು ಟ್ಯೂಬ್‌ಗೆ ಸೇರಿದರೂ ಪೊಟ್ಯಾಸಿಯಂ ಏರಿದಂತೆ, ಕ್ಯಾಲ್ಸಿಯಂ ಇಳಿದಂತೆ ಕಾಣುತ್ತದೆ. ಒಂದು ಟ್ಯೂಬ್‌ನಲ್ಲಿ ರಕ್ತ ಕಡಿಮೆಯಾಯಿತೆಂದು ಇನ್ನೊಂದರಿಂದ ಸುರಿಯುವುದು ದೊಡ್ಡ ತಪ್ಪು.

ಎಲ್ಲಕ್ಕಿಂತ ಅಪಾಯದ ತಪ್ಪು ಲೇಬಲ್‌ನದು. ರಕ್ತ ಸರಿ, ಟ್ಯೂಬ್ ಸರಿ, ಮಷಿನ್ ಸರಿ, ಆದರೆ ರಿಪೋರ್ಟ್ ಬೇರೆಯವರದು! ತಮಿಳುನಾಡಿನಲ್ಲಿ ಒಂದು ಇನಿಷಿಯಲ್, ಒಂದು ಹೆಸರು ಬರೆಯುವ ರೂಢಿ. 'ಎಸ್. ಲಕ್ಷ್ಮಿ' ಎಂಬ ಹೆಸರಿನವರು ಒಂದೇ ಬೆಳಿಗ್ಗೆ ಇಬ್ಬರು ಬರುವುದು ಅಪರೂಪವಲ್ಲ. ಹೆಸರಿನ ಜೊತೆ ವಯಸ್ಸು ಅಥವಾ ರಿಜಿಸ್ಟ್ರೇಷನ್ ನಂಬರ್ ಇರಲೇಬೇಕು. ಲೇಬಲ್ ನಿಮ್ಮ ಎದುರಿಗೇ ಅಂಟಿಸಬೇಕು. ಎದ್ದು ಹೋಗುವ ಮುನ್ನ ಒಮ್ಮೆ ಓದಿ ನೋಡಿ.

ಈ ಕೈಯಿಂದ ಬೇಡ ಎಂದು ಹೇಳಬೇಕಾದವರು

* ಡಯಾಲಿಸಿಸ್ ಫಿಸ್ಟುಲಾ ಇರುವ ಕೈ: ಮಾಮೂಲಿ ರಕ್ತ ಪರೀಕ್ಷೆಗೆ ಈ ಕೈ ಕೊಡಲೇಬೇಡಿ. ಫಿಸ್ಟುಲಾ ಹಾಳಾದರೆ ಡಯಾಲಿಸಿಸ್‌ಗೇ ಕುತ್ತು.
* ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆದ ಬದಿ: ಕಂಕುಳಿನ ಗಂಟುಗಳನ್ನು ತೆಗೆದಿದ್ದರೆ ಕೈ ಊತ, ಸೋಂಕಿನ ಭಯವಿರುವುದರಿಂದ ಇನ್ನೊಂದು ಕೈ ಬಳಸಬೇಕು. ಎರಡೂ ಬದಿ ಆಗಿದ್ದರೆ ವೈದ್ಯರ ಸಲಹೆ ಬೇಕು.
* ಡ್ರಿಪ್ ಹಾಕಿರುವ ಕೈ: ಗ್ಲೂಕೋಸ್ ಡ್ರಿಪ್ ಇರುವ ಕೈಯಿಂದ ತೆಗೆದರೆ ಸಕ್ಕರೆ ಗಗನಕ್ಕೇರಿದಂತೆ ಕಾಣುತ್ತದೆ, ಉಳಿದದ್ದೆಲ್ಲ ತೆಳುವಾಗುತ್ತದೆ.
* ಗಾಯ, ಸುಟ್ಟ ಕಲೆ, ಕಂದಿದ ಜಾಗ, ಸೋಂಕು ಇರುವ ಕೈ: ಬೇರೆ ಜಾಗ ಹುಡುಕಬೇಕು.

ಆಗಬಹುದಾದ ತೊಡಕುಗಳು, ಮಾಡಬೇಕಾದದ್ದು

ನೀಲಿಗಟ್ಟುವುದು: ಹೆಚ್ಚು ಕಾಣುವ ತೊಂದರೆ ಇದೇ. ರಕ್ತನಾಳದಿಂದ ರಕ್ತ ಸೋರಿ ಚರ್ಮದಡಿ ಸೇರುತ್ತದೆ. ಸೂಜಿ ತೆಗೆದ ಮೇಲೆ ಹತ್ತಿ ಇಟ್ಟು, ಕೈಯನ್ನು ನೇರವಾಗಿಟ್ಟು ಎರಡರಿಂದ ಐದು ನಿಮಿಷ ಒತ್ತಿ ಹಿಡಿಯಿರಿ. ಹತ್ತಿ ಇಟ್ಟು ಕೈ ಮಡಚುವುದು ನಮ್ಮಲ್ಲಿ ರೂಢಿ. ಅದರಿಂದ ಸೋರಿಕೆ ಹೆಚ್ಚುತ್ತದೆ. ಉಜ್ಜಬೇಡಿ. ವಾರ್ಫರಿನ್, ಆಸ್ಪಿರಿನ್, ಕ್ಲೋಪಿಡೊಗ್ರೆಲ್ ತೆಗೆದುಕೊಳ್ಳುವವರು ಮೊದಲೇ ಹೇಳಿ, ಇನ್ನೂ ಹೆಚ್ಚು ಹೊತ್ತು ಒತ್ತಿ.

ತಲೆಸುತ್ತು, ಮೂರ್ಛೆ: ರಕ್ತ ನೋಡಿದರೆ ಕೆಲವರಿಗೆ ನಾಡಿ ನಿಧಾನವಾಗಿ, ರಕ್ತದೊತ್ತಡ ಕುಸಿಯುತ್ತದೆ. ಇದು ಹೇಡಿತನವಲ್ಲ, ದೇಹದ ಪ್ರತಿಕ್ರಿಯೆ. ಬೆವರು, ಕಣ್ಣು ಮಂಜಾಗುವುದು, ಹೊಟ್ಟೆ ತೊಳಸುವುದು ಮುನ್ಸೂಚನೆ. ಹಿಂದೆ ಹೀಗಾಗಿದ್ದರೆ ಮಲಗಿಯೇ ರಕ್ತ ಕೊಡಿ. ಸ್ವೀಡನ್‌ನ ಮನಶ್ಶಾಸ್ತ್ರಜ್ಞ ಲಾರ್ಸ್ ಗೋರಾನ್ ಓಸ್ಟ್ ಜನಪ್ರಿಯಗೊಳಿಸಿದ ಒಂದು ಉಪಾಯವೂ ಇದೆ. ರಕ್ತ ಕೊಡದ ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10ರಿಂದ 15 ಸೆಕೆಂಡ್ ಬಿಗಿಹಿಡಿದು, ಸ್ವಲ್ಪ ಬಿಟ್ಟು, ಮತ್ತೆ ಬಿಗಿಹಿಡಿಯುವುದು. ರಕ್ತದೊತ್ತಡ ಕುಸಿಯದಂತೆ ಇದು ನೋಡಿಕೊಳ್ಳುತ್ತದೆ. ಯಾರಾದರೂ ಮೂರ್ಛೆ ಹೋದರೆ ಸಮತಟ್ಟಾಗಿ ಮಲಗಿಸಿ, ಕಾಲು ಎತ್ತರಿಸಿ. ಪೂರ್ತಿ ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಬೇಡಿ.

ನರಕ್ಕೆ ಪೆಟ್ಟು: ಅಪರೂಪ, ಆದರೆ ಕಡೆಗಣಿಸುವಂತಿಲ್ಲ. ಕರೆಂಟ್ ಶಾಕ್ ಹೊಡೆದಂತೆ ನೋವು ಬೆರಳಿನವರೆಗೆ ಹರಿದರೆ ತಕ್ಷಣ ಹೇಳಿ. ಸೂಜಿಯನ್ನು ಕೂಡಲೇ ತೆಗೆಯಬೇಕು. ಜೋಮು, ಶಕ್ತಿಹೀನತೆ ಮುಂದುವರಿದರೆ ವೈದ್ಯರನ್ನು ಕಾಣಿ.

ಅಪಧಮನಿಗೆ ಚುಚ್ಚುವುದು: ರಕ್ತ ಕಡುಗೆಂಪಿನ ಬದಲು ಹೊಳೆವ ಕೆಂಪಾಗಿ, ಮಿಡಿಯುತ್ತಾ ಬರುತ್ತದೆ. ಸೂಜಿ ತೆಗೆದು ಕನಿಷ್ಠ ಐದು ನಿಮಿಷ ಗಟ್ಟಿಯಾಗಿ ಒತ್ತಬೇಕು.

ಸೋಂಕು, ರಕ್ತನಾಳದ ಉರಿಯೂತ: ಒಂದೆರಡು ದಿನದಲ್ಲಿ ಜಾಗ ಕೆಂಪಾಗಿ, ಬಿಸಿಯಾಗಿ, ಹಗ್ಗದಂತೆ ಗಟ್ಟಿಯಾದರೆ ಅಥವಾ ಜ್ವರ ಬಂದರೆ ಆಸ್ಪತ್ರೆಗೆ ಹೋಗಿ.

ಪುಟ್ಟ ಮಕ್ಕಳಲ್ಲಿ ಹನಿ ಹನಿಗೂ ಲೆಕ್ಕ

ದೊಡ್ಡವರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ನಾಲ್ಕೈದು ಟ್ಯೂಬ್ ತುಂಬಿದರೂ ಹೋಗುವುದು 15-20 ಮಿಲಿಲೀಟರ್ ಮಾತ್ರ. 'ಇಷ್ಟೊಂದು ರಕ್ತ ತೆಗೆದರು, ಸುಸ್ತಾಯಿತು' ಎನ್ನಲು ಕಾರಣ ಸಾಮಾನ್ಯವಾಗಿ ಉಪವಾಸ ಮತ್ತು ಭಯ, ರಕ್ತ ಹೋಗಿದ್ದಲ್ಲ.

ಶಿಶುಗಳ ವಿಷಯ ಹಾಗಲ್ಲ. ಅವಧಿಗೆ ಮುನ್ನ ಹುಟ್ಟಿದ 1 ಕೆಜಿ ತೂಕದ ಮಗುವಿನ ದೇಹದಲ್ಲಿ ಇರುವುದೇ ಸುಮಾರು 90 ಮಿಲಿಲೀಟರ್ ರಕ್ತ. ಅದರಿಂದ 5 ಮಿಲಿ ತೆಗೆದರೆ ಶೇ. 5ಕ್ಕೂ ಹೆಚ್ಚು ತೆಗೆದಂತೆ. ಪದೇ ಪದೇ ಪರೀಕ್ಷೆಗೆ ರಕ್ತ ತೆಗೆದೇ ಇಂಥ ಶಿಶುಗಳಿಗೆ ರಕ್ತಹೀನತೆ ಬಂದು, ರಕ್ತ ಕೊಡಬೇಕಾಗಿ ಬರುವುದುಂಟು. ಅದಕ್ಕೇ ಮಕ್ಕಳ ಆಸ್ಪತ್ರೆಗಳಲ್ಲಿ ಸಣ್ಣ ಟ್ಯೂಬ್ ಬಳಸುತ್ತಾರೆ. ಎಷ್ಟು ಮಿಲಿ ತೆಗೆದರು ಎಂದು ದಿನವೂ ಬರೆದಿಡುವುದು ಒಳ್ಳೆಯ ಪದ್ಧತಿ.

ನವಜಾತ ಶಿಶುಗಳಿಗೆ ಹಿಮ್ಮಡಿಯ ಎರಡು ಬದಿಗಳಲ್ಲಿ ಮಾತ್ರ ಚುಚ್ಚಬೇಕು, ನಡುವೆ ಅಲ್ಲ. ಆಳ 2 ಮಿಲಿಮೀಟರ್ ಆಸುಪಾಸು ಮೀರಬಾರದು, ಮೂಳೆಗೆ ತಗಲುವ ಅಪಾಯವಿದೆ. ಆ ಹೊತ್ತಿನಲ್ಲಿ ತಾಯಿ ಹಾಲೂಡಿಸುತ್ತಿದ್ದರೆ ಮಗುವಿಗೆ ನೋವು ಕಡಿಮೆಯಾಗುತ್ತದೆ ಎಂಬುದು ಅಧ್ಯಯನಗಳಲ್ಲಿ ದೃಢಪಟ್ಟಿದೆ. ಸ್ವಲ್ಪ ದೊಡ್ಡ ಮಕ್ಕಳಿಗೆ 'ನೋವೇ ಆಗಲ್ಲ' ಎಂದು ಸುಳ್ಳು ಹೇಳಬೇಡಿ. 'ಸ್ವಲ್ಪ ಚುರ್ ಅನ್ನುತ್ತೆ, ಬೇಗ ಮುಗಿಯುತ್ತೆ' ಎಂದು ಹೇಳಿ, ಮಡಿಲಲ್ಲಿ ಕೂರಿಸಿಕೊಳ್ಳಿ.

ರಕ್ತ ತೆಗೆಯುವವರಿಗೂ ಅಪಾಯ

ಭಾರತದಲ್ಲಿ ಎಚ್‌ಐವಿ ಇದೆ ಎಂದು ಮೊದಲು ಗೊತ್ತಾದದ್ದು ಚೆನ್ನೈನಲ್ಲಿ ಸಂಗ್ರಹಿಸಿದ ರಕ್ತದಿಂದಲೇ. ಮದ್ರಾಸ್ ಮೆಡಿಕಲ್ ಕಾಲೇಜಿನ ಪ್ರೊಫೆಸರ್ ಡಾ. ಸುನೀತಿ ಸಾಲೊಮನ್ ಅವರ ಸಲಹೆಯಂತೆ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಲೈಂಗಿಕ ಕಾರ್ಯಕರ್ತೆಯರಿಂದ ಸ್ಯಾಂಪಲ್ ಸಂಗ್ರಹಿಸಿದರು. ಅವರ ಬಳಿ ಕೈಗವಸು ಇರಲಿಲ್ಲ. ಸ್ಯಾಂಪಲ್ ಇಡಲು ಸರಿಯಾದ ವ್ಯವಸ್ಥೆ ಇಲ್ಲದೆ ಮನೆಯ ಫ್ರಿಜ್‌ನಲ್ಲೇ ಇಟ್ಟಿದ್ದರು. 1986ರ ಫೆಬ್ರವರಿಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪರೀಕ್ಷಿಸಿದಾಗ ಆರು ಸ್ಯಾಂಪಲ್‌ಗಳು ಪಾಸಿಟಿವ್ ಬಂದವು. ಆ ಸುದ್ದಿಯ ನಂತರವೇ ದೇಶದಲ್ಲಿ ಸೂಜಿ, ರಕ್ತದ ಸುರಕ್ಷತೆಯ ಚರ್ಚೆ ಜೋರಾಯಿತು.

ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿಕೊಂಡರೆ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಶೇ. 0.3. ಹೆಪಟೈಟಿಸ್ ಸಿಗೆ ಸುಮಾರು ಶೇ. 1.8. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ. 6ರಿಂದ 30. ಹಾಗಾಗಿ ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬಾರದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಸೂಜಿಗಳನ್ನು ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ ಹಾಕಬೇಕು. ಚುಚ್ಚಿಕೊಂಡರೆ ಸೋಪು, ನೀರಿನಿಂದ ತೊಳೆದು ಕೂಡಲೇ ವೈದ್ಯರಿಗೆ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರು ಮಾಡಬೇಕು.

ರೋಗಿಯಾಗಿ ನೀವು ನೋಡಬೇಕಾದದ್ದು: ಕೈ ತೊಳೆದು ಹೊಸ ಕೈಗವಸು ಹಾಕಿಕೊಂಡರೇ? ಸೂಜಿಯ ಪ್ಯಾಕೆಟ್ ನಿಮ್ಮೆದುರೇ ಒಡೆದರೇ? ಇಷ್ಟೇ. ಚುಚ್ಚುವಾಗ ಕೈ ಎಳೆದುಕೊಳ್ಳದಿರುವುದು ಅವರ ಸುರಕ್ಷತೆಗೆ ನೀವು ಮಾಡುವ ಉಪಕಾರ.

ತಮಿಳು ಬಾರದವರಿಗೆ ನಾಲ್ಕು ಮಾತು

ತ್ರಿಪ್ಲಿಕೇನ್‌ನ ಲ್ಯಾಬ್‌ನಲ್ಲಿ ಸಿಬ್ಬಂದಿಗೆ ಕನ್ನಡ ಬಾರದಿದ್ದರೆ ಈ ಮಾತುಗಳು ನೆರವಾಗುತ್ತವೆ:

* ವೆರುಂ ವಯಿರು: ಖಾಲಿ ಹೊಟ್ಟೆ
* ಮಯಕ್ಕಂ ವರುದು: ತಲೆಸುತ್ತು ಬರುತ್ತಿದೆ
* ಇಂದ ಕೈ ವೇಂಡಾಂ: ಈ ಕೈ ಬೇಡ
* ರತ್ತಂ ಸೀಕ್ಕಿರಂ ನಿಕ್ಕಾದು: ರಕ್ತ ಬೇಗ ನಿಲ್ಲುವುದಿಲ್ಲ
* ಷಾಕ್ ಅಡಿಚ್ಚ ಮಾದಿರಿ ಇರುಕ್ಕು: ಶಾಕ್ ಹೊಡೆದ ಹಾಗಿದೆ

ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೇ ಬಂದು ರಕ್ತ ತೆಗೆಸಿಕೊಂಡರೆ ಸರಿಯೇ?
ಸರಿ. ಆದರೆ ಸ್ಯಾಂಪಲ್ ಎಷ್ಟು ಹೊತ್ತಿಗೆ ಲ್ಯಾಬ್ ತಲುಪುತ್ತದೆ ಎಂದು ಕೇಳಿ. ಹೆಚ್ಚಿನ ಪರೀಕ್ಷೆಗಳಿಗೆ ಎರಡು ಗಂಟೆಯೊಳಗೆ ರಕ್ತಕಣಗಳಿಂದ ಸೀರಂ ಬೇರ್ಪಡಿಸಬೇಕು. ಬಿಸಿಲಲ್ಲಿ ಬೈಕ್‌ನ ಬ್ಯಾಗ್‌ನಲ್ಲಿ ಸುತ್ತಾಡುವ ಸ್ಯಾಂಪಲ್ ನಂಬಲರ್ಹವಲ್ಲ.

ಲ್ಯಾಬ್ ಒಳ್ಳೆಯದೇ ಎಂದು ತಿಳಿಯುವುದು ಹೇಗೆ?
ಐಎಸ್‌ಒ 15189 ಮಾನದಂಡದಡಿ ಎನ್‌ಎಬಿಎಲ್ ಮಾನ್ಯತೆ ಇದೆಯೇ ನೋಡಿ. ನಿಮಗೆ ಬೇಕಾದ ಪರೀಕ್ಷೆ ಆ ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದೂ ಕೇಳಿ.

ರಿಪೋರ್ಟ್ ತೀರಾ ವಿಚಿತ್ರವಾಗಿ ಬಂದರೆ?
ಗಾಬರಿಯಾಗಬೇಡಿ, ಗೂಗಲ್ ನೋಡಿ ಮಾತ್ರೆ ಬದಲಿಸಲೂಬೇಡಿ. 'ಸ್ಯಾಂಪಲ್‌ನಲ್ಲಿ ರಕ್ತಕಣ ಒಡೆದಿತ್ತೇ?' ಎಂದು ಲ್ಯಾಬ್‌ನವರನ್ನು ಕೇಳಿ. ಅನೇಕ ರಿಪೋರ್ಟ್‌ಗಳ ಕೆಳಗೆ ಅದನ್ನು ನಮೂದಿಸಿರುತ್ತಾರೆ. ವೈದ್ಯರಿಗೆ ತಕ್ಷಣ ತೋರಿಸಿ. ನಿಮ್ಮ ಆರೋಗ್ಯಕ್ಕೂ ರಿಪೋರ್ಟ್‌ಗೂ ಹೊಂದಿಕೆಯಾಗದಿದ್ದರೆ ಹೊಸ ಸ್ಯಾಂಪಲ್ ಕೊಟ್ಟು ಮತ್ತೊಮ್ಮೆ ಪರೀಕ್ಷಿಸಲು ಅವರೇ ಹೇಳುತ್ತಾರೆ.

ಮತ್ತೆ ಸ್ಯಾಂಪಲ್ ಕೊಡಿ ಎಂದು ಲ್ಯಾಬ್‌ನವರೇ ಕರೆದರೆ?
ಬೇಸರವಾಗುವುದು ಸಹಜ. ಆದರೆ ಹೆಪ್ಪುಗಟ್ಟಿದ ಅಥವಾ ಕಣ ಒಡೆದ ಸ್ಯಾಂಪಲ್ ಅನ್ನು ತಿರಸ್ಕರಿಸುವ ಲ್ಯಾಬ್, ಹೇಗೋ ಒಂದು ರಿಪೋರ್ಟ್ ಕೊಟ್ಟು ಕಳಿಸುವ ಲ್ಯಾಬ್‌ಗಿಂತ ಎಷ್ಟೋ ಮೇಲು. ಇನ್ನೊಮ್ಮೆ ಕೈ ಚಾಚಿ.

(ಗಮನಿಸಿ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಉಪವಾಸ, ಔಷಧ ಮತ್ತು ಪರೀಕ್ಷೆಯ ಬಗ್ಗೆ ನಿಮ್ಮ ವೈದ್ಯರ ಸಲಹೆಯೇ ಅಂತಿಮ.)